ಕೂನೂರಿನ ಚಹಾ ಹರಾಜು

ಮೆಟ್ಟುಪಾಳಯದ ಅಡಕೆ ತೋಟಗಳನ್ನು ಹಿಂದಿಕ್ಕಿ, ಹಲ್ಲುಳ್ಳ ಹಳಿಯನ್ನು ಕಚ್ಚಿಕೊಂಡು ಏರುವ ಪುಟ್ಟ ರೈಲು ಕೂನೂರನ್ನು ಮುಟ್ಟುವ ವೇಳೆಗೆ ಸುತ್ತಲ ಇಳಿಜಾರುಗಳೆಲ್ಲ ಚಹಾ ಗಿಡಗಳಿಂದ ಹಸಿರಾಗಿರುತ್ತವೆ. ಪ್ರವಾಸಿಗರು ಉದಕಮಂಡಲದ ಕಡೆಗೆ ಮುಂದುವರಿಯುತ್ತಾರೆ. ಇಲ್ಲೇ ಇಳಿದವನಿಗೆ ನೋಡತಕ್ಕದ್ದೊಂದುಂಟು: 1963ರಲ್ಲಿ ಆರಂಭವಾದ ಚಹಾ ಹರಾಜು. ಈಗ ಅಲ್ಲಿ ಕೂಗಾಟವಿಲ್ಲ. ಗಣಕಯಂತ್ರದ ಪರದೆಯ ಮೇಲೆ ಅಂಕಿಗಳು ಓಡುತ್ತವೆ, ಅಷ್ಟೆ. ಆದರೆ ಬೆಟ್ಟದ ಹಟ್ಟಿಗಳ ಒಲೆ ಉರಿಯುವುದು ಆ ಅಂಕಿಗಳಿಂದಲೇ.

ಬಡಗರ ಹಟ್ಟಿಗಳಲ್ಲಿ ಹಿಂದೆ ರಾಗಿ, ಸಾಮೆ, ಆಮೇಲೆ ಆಲೂಗಡ್ಡೆ ಬೆಳೆಯುತ್ತಿದ್ದರು. ಆ ಹೊಲಗಳನ್ನು ಬಹುಮಟ್ಟಿಗೆ ಚಹಾ ಆವರಿಸಿದೆ. ಒಬ್ಬೊಬ್ಬರದೂ ಎಕರೆ, ಎರಡೆಕರೆ. ಒಂದು ಕಿಲೋ ಚಹಾಪುಡಿಗೆ ನಾಲ್ಕು ಕಿಲೋಗೂ ಮಿಕ್ಕು ಹಸಿ ಎಲೆ ಬೇಕು. ಕೊಯ್ದ ಎಲೆ ಅಂದೇ ಕಾರ್ಖಾನೆ ಸೇರದಿದ್ದರೆ ಕೆಟ್ಟಿತು. ರಾಗಿಯನ್ನಾದರೆ ಕಣಜದಲ್ಲಿಟ್ಟು ಬೆಲೆಗೆ ಕಾಯಬಹುದು. ಬಾಡುವ ಎಲೆಯನ್ನು ಕೈಯಲ್ಲಿ ಹಿಡಿದವನು ಚೌಕಾಸಿ ಮಾಡುವುದೆಂತು?

ಈ ಎಲೆಯ ಭಾಗ್ಯ ಬಹುಕಾಲ ಮಾಸ್ಕೋದೊಡನೆ ಬೆಸೆದುಕೊಂಡಿತ್ತು. 1953ರ ಡಿಸೆಂಬರಿನಲ್ಲಿ ಭಾರತಕ್ಕೂ ಸೋವಿಯತ್ ಒಕ್ಕೂಟಕ್ಕೂ ವ್ಯಾಪಾರದ ಒಡಂಬಡಿಕೆಯಾಯಿತು, ಲೆಕ್ಕ ರೂಪಾಯಿಯಲ್ಲಿ. ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ಅವರು ಸಾಲವಿತ್ತರು. ನಾವು ತೀರಿಸಿದ ರೂಪಾಯಿಗಳಿಂದ ಅವರು ಚಹಾ, ಗೋಡಂಬಿ, ಚರ್ಮ ಮುಂತಾದುವನ್ನು ಕೊಂಡರು. ಡಾಲರಿನ ಬರಗಾಲವಿದ್ದ ದೇಶಕ್ಕೆ ಇದು ಅಲ್ಪ ಉಪಕಾರವಲ್ಲ. ನೀಲಗಿರಿಯ ಚಿಗುರು ಉಕ್ಕಿನ ಕುಲುಮೆಯ ಋಣ ತೀರಿಸಿತೆಂದರೆ ಉತ್ಪ್ರೇಕ್ಷೆಯಾಗದು.

ಆದರೆ ತಪ್ಪದೆ ಬರುವ ಗಿರಾಕಿ ಮಾರುವವನನ್ನು ಮೈಗಳ್ಳನನ್ನಾಗಿಯೂ ಮಾಡುತ್ತಾನೆ. ಎರಡೆಲೆ, ಒಂದು ಮೊಗ್ಗು ಎಂಬ ಕೊಯ್ಲಿನ ನೇಮ ಸಡಿಲಿತು. ಬಲಿತ ಎಲೆಯೂ ಮೂಟೆ ಸೇರಿತು. 1991ರ ಡಿಸೆಂಬರಿನಲ್ಲಿ ಒಕ್ಕೂಟ ಒಡೆಯಿತು. ಹಳೆಯ ಸಾಲವನ್ನು ರಷ್ಯಕ್ಕೆ ರೂಪಾಯಿಯಲ್ಲಿಯೇ ತೀರಿಸುವ 1993ರ ಒಪ್ಪಂದದಿಂದ ಖರೀದಿ ಇನ್ನು ಕೆಲವು ವರ್ಷ ಉಸಿರು ಹಿಡಿದಿತ್ತು. 1998ರ ಆಗಸ್ಟಿನಲ್ಲಿ ರೂಬಲ್ ಕುಸಿಯಿತು. 2000ದ ಸುಮಾರಿಗೆ ಹಸಿ ಎಲೆಯ ಬೆಲೆ ಕೊಯ್ಲಿನ ಕೂಲಿಗೂ ಸಾಲದಂತಾಗಿ, ಶಾಂತ ಸ್ವಭಾವದ ಹಟ್ಟಿಗಳ ಜನ ಬೀದಿಗಿಳಿದರು.

ಆ ದಿನಗಳ ಮಾತು ಬಂದಾಗ ಹಿರಿಯರು ದೂರುವುದು ಸಿಂಹಳದೊಡನೆ ಆದ ಒಪ್ಪಂದವನ್ನು. 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಿಂದ ನಡೆದ ಆ ಮುಕ್ತ ವ್ಯಾಪಾರದ ಕರಾರಿನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಕಿಲೋ ಚಹಾಕ್ಕೆ ಸುಂಕದ ರಿಯಾಯಿತಿಯಿತ್ತು, ನಿಜ. ಆದರೆ ಎಂಬತ್ತು ಕೋಟಿಗೂ ಮಿಕ್ಕು ಕಿಲೋ ಬೆಳೆಯುತ್ತಿದ್ದ ದೇಶಕ್ಕೆ ಅದು ಎಷ್ಟರದು? ಬಂದದ್ದಂತೂ ಆ ಮಿತಿಯನ್ನು ಮುಟ್ಟಲೇ ಇಲ್ಲ. ಬೆಟ್ಟವನ್ನು ಕೆಡವಿದ್ದು ಹೊಸ ಒಪ್ಪಂದಕ್ಕಿಂತ ಹಳೆಯ ಒಪ್ಪಂದದ ಅಳಿವೆಂದೇ ನನ್ನ ಎಣಿಕೆ. ಹಿರಿಯರು ಒಪ್ಪುವುದಿಲ್ಲ, ನೊಂದವರೊಡನೆ ಅಂಕಿ ಹಿಡಿದು ವಾದಿಸುವುದೂ ಸೊಗಸಲ್ಲ.

ಇಂದು ಚಹಾ ಮಂಡಳಿಯು ಹರಾಜಿನ ಸರಾಸರಿಯ ಆಧಾರದಿಂದ ತಿಂಗಳಿಗೊಮ್ಮೆ ಎಲೆಯ ದರ ಸಾರುತ್ತದೆ. ಮಕ್ಕಳು ಕೊಯಮತ್ತೂರು, ಬೆಂಗಳೂರುಗಳ ಕೆಲಸ ಹಿಡಿದಿದ್ದಾರೆ. ಸಂಜೆಯ ಮಂಜಿನಲ್ಲಿ ಎಲೆಮೂಟೆಯ ಲಾರಿಗೆ ಕಾದು ನಿಂತ ಮುದುಕರು, ಕೆಳಗಿನಿಂದ ಬಂದವರನ್ನು ಕುಶಲ ಕೇಳಿದ ಮೇಲೆ ಕೇಳುವುದು ಈ ತಿಂಗಳ ದರವನ್ನು.