ಸಾಲಿ ಬಿಟ್ಟ ಹುಡುಗಿಗೆ ಡಾಕ್ಟರ್ ಆಗ್ಲಿಕ್ಕೆ ಬರ್ತದೇನು?

ಶ್ರಾವಣದಾಗ ಅರಿಶಿಣ-ಕುಂಕುಮಕ್ಕ ಬಂದಾಗ ನಿಮ್ಮೊಳಗ ನಾಕೈದು ಮಂದಿ ಕೇಳಿದ್ರಿ, "ನಿಮ್ಮ ತಂಗಿ ಮಗಳು ಕಾಲೇಜಿಗೇ ಹೋಗಿಲ್ಲ, ಅಕಿ ಹೆಂಗ ಮೆಡಿಕಲ್‌ಗೆ ಅರ್ಜಿ ಹಾಕ್ಯಾಳ?" ಅಂತ. ಕೈಯಾಗ ಕುಂಕುಮದ ಬಟ್ಟಲ ಹಿಡಕೊಂಡು ಹೇಳೋವಷ್ಟು ಸಣ್ಣ ವಿಷಯ ಅಲ್ಲ ಅದು, ಅದಕ್ಕ ಕೂತು ಬರೀಲಿಕ್ಕತ್ತೀನಿ. ನಾ ಓದಿದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಆದ್ರ ಈ ಮೂರು ವರ್ಷ ಅಕಿ ಕಾಗದದ ಚೀಲ ಹಿಡಕೊಂಡು ಅಕಿ ಜೋಡಿ ಅಡ್ಡಾಡಿದಾಕಿ ನಾನ.

ನನ್ನ ತಂಗೀದು ಧಾರವಾಡದ ಹತ್ರ ಒಂದು ಹಳ್ಳಿ. ಕೂಸು ಒಂದನೇತ್ತಿಂದ ಹತ್ತನೇತ್ತ ತನಕ ಅಲ್ಲೇ ಸರಕಾರಿ ಕನ್ನಡ ಸಾಲ್ಯಾಗ ಕಲ್ತಾಳ. 2018ರಾಗ ಎಸ್ಸೆಸ್ಸೆಲ್ಸಿ ಪಾಸಾಗಿ ಸೈನ್ಸ್ ಹಚ್ಚಿದ್ಲು. ಮೂರು ತಿಂಗಳ ಆಗಿತ್ತು, ಅವರಪ್ಪಗ ಪಾರ್ಶ್ವವಾಯು ಹೊಡೀತು. ಬಲಗೈ ಬಲಗಾಲು ಬಿತ್ತು, ಮಾತು ಹೋತು. ನನ್ನ ತಂಗಿ ಖಡಕ್ ರೊಟ್ಟಿ ಬಡದು ಮಾರಿ ಮನಿ ನಡಸಬೇಕು, ಮಗ ಇನ್ನೂ ಸಣ್ಣಾಂವ. ಮಲಗಿದವರನ್ನ ನೋಡೋರು ಯಾರು? ಇಕೀನ ಕಾಲೇಜು ಬಿಟ್ಲು. ಒಂದಲ್ಲ ಎರಡಲ್ಲ, ನಾಕು ವರ್ಷ.

ಎರಡು ತಾಸಿಗೊಮ್ಮೆ ಮಗ್ಗಲ ಬದಲಿಸಬೇಕು, ಇಲ್ಲಂದ್ರ ಬೆನ್ನಿಗೆ ಹುಣ್ಣಾಗ್ತಾವ. ಮೂಗಿನ ನಳಗಿಯಿಂದ ಗಂಜಿ ಕೊಡಬೇಕಾದ್ರ ತಲಿ ಎತ್ತರ ಇರಬೇಕು, ಇಲ್ಲಂದ್ರ ಶ್ವಾಸಕ್ಕ ಇಳೀತದ. ಇದೆಲ್ಲಾ ನರ್ಸ್ ಒಮ್ಮೆ ತೋರಿಸಿದ್ದು, ಆಮ್ಯಾಲೆ ಇಕಿನೇ ಮಾಡಿದ್ಲು. ದಿನಾ ಬಿಪಿ ನೋಡಿ ಒಂದು ನೋಟಬುಕ್ಕಿನ್ಯಾಗ ಬರದಿಡ್ತಿದ್ಲು. ಒಂದಿನ ನನಗ ಕೇಳಿದ್ಲು, "ಮೌಶಿ, ಪೆಟ್ಟು ಬಿದ್ದದ್ದು ಮೆದುಳಿನ ಎಡಕ್ಕ, ಬಲಗೈ ಯಾಕ ಬಿತ್ತು?" ನನಗೇನು ಗೊತ್ತು! ಡಾಕ್ಟರ ಮುಂದ ಕೇಳಿದ್ಲು. ಅವರು ಪಾಪ, ಗದ್ದಲದಾಗೂ ಚಿತ್ರ ತಗದು ತಿಳಿಸಿ ಹೇಳಿದ್ರು. ಆ ಚೀಟಿ ಇನ್ನೂ ಅಕಿ ಹತ್ರ ಅದ.

2022ರಾಗ ಅವರು ತೀರಿಕೊಂಡ್ರು. ವರ್ಷಾಂತಿಕಕ್ಕ ಮೊದಲೇ ಮಂದಿ ಗಂಡು ತೋರಿಸಲಿಕ್ಕೆ ಸುರು ಮಾಡಿದ್ರು. ಅಕಿ ಮಾತ್ರ "ನಾ ಓದತೀನಿ" ಅಂದ್ಲು. ರೆಗ್ಯುಲರ್ ಕಾಲೇಜಿಗೆ ಹೋದ್ರ ರೊಟ್ಟಿ ಕೆಲಸಕ್ಕ ಕೈ ಸಾಲೂದಿಲ್ಲ. ಹಿಂಗಾಗಿ ಎನ್‌ಐಓಎಸ್ ಕಟ್ಟಿದ್ಲು. ಅಂದ್ರ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಕೇಂದ್ರ ಸರಕಾರದ್ದು, 1989ರಾಗ ಸುರು ಆಗಿದ್ದು. ಮನ್ಯಾಗ ಓದಬಹುದು, ವರ್ಷಕ್ಕ ಎರಡು ಸಲ ಪರೀಕ್ಷಾ ಇರ್ತದ. ಪ್ರಾಕ್ಟಿಕಲ್ ಇರೂದಿಲ್ಲ ಅಂತ ಭಾಳ ಮಂದಿ ತಿಳಕೊಂಡಾರ, ಹಂಗೇನಿಲ್ಲ, ಸೈನ್ಸ್ ವಿಷಯಕ್ಕ ಪ್ರಾಕ್ಟಿಕಲ್ ಮಾಡಲೇಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಈ ನಾಕೂ ಇರಬೇಕು. ಜನರಲ್‌ನವರಿಗೆ ಮೂರು ಸೈನ್ಸ್ ಕೂಡಿ ಶೇಕಡಾ 50, ಮೀಸಲಾತಿಯವರಿಗೆ ಶೇಕಡಾ 40 ಬೀಳಬೇಕು. ಬರೇ ಪಾಸಾದ್ರ ನಡ್ಯೂದಿಲ್ಲ.

ಒಂದು ಕೋಚಿಂಗ್‌ದಾಗ ಕೇಳಲಿಕ್ಕೆ ಹೋದ್ರ, ಅಲ್ಲಿ ಕೂತಾಂವ ಮಾರಿ ಎತ್ತದನ "ಓಪನ್ ಸ್ಕೂಲ್‌ನವರಿಗೆ ನೀಟ್ ಇಲ್ಲ" ಅಂದ. ಅಕಿ ಆವತ್ತ ರಾತ್ರಿ ಊಟಾ ಮಾಡ್ಲಿಲ್ಲ. ಆಮ್ಯಾಲೆ ತಿಳೀತು, ಆ ಮಾತು ಹಳೇದು. 2018ರಾಗ ಹಂಗೊಂದು ನಿಯಮ ಬಂದಿತ್ತು ಖರೇ. ಅದೇ ವರ್ಷ ಮೇ ತಿಂಗಳದಾಗ ದಿಲ್ಲಿ ಹೈಕೋರ್ಟ್ ಅದನ್ನ ತಗದು ಹಾಕ್ತು. ರೊಕ್ಕದ ಅಡಚಣಿಗೆ, ಮನಿ ಪರಿಸ್ಥಿತಿಗೆ ಸಾಲಿ ತಪ್ಪಿದವರನ್ನ ಕಡಿಮಿ ಅಂತ ತಿಳಿಯೂದು ಸಂವಿಧಾನಕ್ಕ ಒಪ್ಪೂದಲ್ಲ ಅನ್ನೂದು ಕೋರ್ಟಿನ ಮಾತು. ಇನ್ನ ವಯಸ್ಸು. ಮೊದಲ ಜನರಲ್‌ನವರಿಗೆ 25ರ ಮಿತಿ ಇತ್ತು, 2022ರಾಗ ಅದನ್ನೂ ತಗದಾರ. 2023ರ ನವೆಂಬರ್‌ದಾಗ ಇನ್ನೊಂದು ಸಡಲಿಕಿ ಬಂತು: ಪಿಯುಸಿಯೊಳಗ ಬಯಾಲಜಿ ಇರಲಾರದವರು ಆಮ್ಯಾಲೆ ಅದೊಂದು ವಿಷಯ ಕಟ್ಟಿ ಪಾಸಾದ್ರೂ ನೀಟ್ ಬರೀಬಹುದು. ನಿಮ್ಮ ಮನ್ಯಾಗ ಗಣಿತ, ಕಂಪ್ಯೂಟರ್ ತಗೊಂಡು ಈಗ ಹಳಹಳಿಸೋ ಹುಡುಗ್ರಿದ್ರ ಇದನ್ನ ಹೇಳ್ರಿ.

ಬಾಗಲಾ ತಗದದ ಅಂದಮ್ಯಾಲೆ ಉಳದದ್ದು ಕಾಗದ. ಕರ್ನಾಟಕದ ಸೀಟ್ ಕೇಳಬೇಕಾದ್ರ ಒಂದರಿಂದ ಹನ್ನೆರಡರೊಳಗ ಏಳು ವರ್ಷ ಇಲ್ಲೇ ಓದಿದ್ದಕ್ಕ ವ್ಯಾಸಂಗ ಪ್ರಮಾಣಪತ್ರ ಬೇಕು. ಹೆಡ್‌ಮಾಸ್ಟರ ಸಹಿ, ಅದರ ಮ್ಯಾಲೆ ಬಿಇಓ ಸಹಿ. ಟಿಸಿ ಬದಲಿ ಎನ್‌ಐಓಎಸ್‌ದವರು ಮೈಗ್ರೇಶನ್ ಸರ್ಟಿಫಿಕೇಟ್ ಕೊಡ್ತಾರ, ಅದನ್ನ ಜ್ವಾಕಿ ಮಾಡಬೇಕು. ಹಳ್ಳಿ ಕನ್ನಡ ಸಾಲಿ ಅಂತ ಮೂಗು ಮುರೀತಿದ್ರಲ್ಲ, ಹತ್ತು ವರ್ಷ ಅಲ್ಲಿ ಓದಿದ್ದಕ್ಕ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದ್ದು ಶೇಕಡಾ 5 ಅದ. ಅದಕ್ಕ ಅದರದ್ದೇ ಶರತ್ತು ಇರ್ತಾವ, ಖರೇ, ಆದ್ರ ಅರ್ಜಿಯೊಳಗ ಕೇಳಲಾರದ ಯಾರೂ ಕರದು ಕೊಡೂದಿಲ್ಲ.

2024ರ ನೀಟ್‌ನ್ಯಾಗ ಮಾರ್ಕ್ಸ್ ಸಾಲ್ಲಿಲ್ಲ. ಫಿಸಿಕ್ಸ್ ಕೈ ಕೊಟ್ಟಿತ್ತು. 180 ಪ್ರಶ್ನಿ, 720 ಮಾರ್ಕ್ಸು, ತಪ್ಪಿಗೆ ಒಂದು ಮಾರ್ಕ್ಸ್ ಕಡಿತ. ಮತ್ತೊಂದು ವರ್ಷ ಮುಂಜಾನೆ ನಾಕಕ್ಕ ಎದ್ದು ಓದಿ, ಏಳರಿಂದ ರೊಟ್ಟಿ ಬಡದು, ಈ ವರ್ಷ ಛೊಲೋ ಬರದಾಳ. ದಾಖಲಾತಿ ಪರಿಶೀಲನಾದಾಗ ಅಲ್ಲಿದ್ದವರು ಕೇಳಿದ್ರು, "2018ರಿಂದ 2022ರ ತನಕ ಏನು ಮಾಡ್ತಿದ್ದಿ?" ನನಗ ಎದಿ ಧಸಕ್ ಅಂತು. ಅಕಿ ಶಾಂತ ಹೇಳಿದ್ಲು, "ನಮ್ಮಪ್ಪನ ಆರೈಕಿ ಮಾಡ್ತಿದ್ದೆ ಸರ್." ಅವರು ತಲಿ ಅಲ್ಲಾಡಿಸಿ ಕಾಗದಕ್ಕ ಶಿಕ್ಕಾ ಹಾಕಿದ್ರು.

ಮೊದಲನೇ ಸುತ್ತಿನ್ಯಾಗ ಸರಕಾರಿ ಸೀಟ್ ಸ್ವಲ್ಪದಾಗ ತಪ್ಪೇದ. ಪ್ರೈವೇಟ್ ಫೀ ನಮ್ಮ ಕೈಲೆ ಆಗೂದಲ್ಲ. ಎರಡನೇ ಸುತ್ತಿನ ಲಿಸ್ಟ್ ಇನ್ನೂ ಬರಬೇಕು. ಆಯುರ್ವೇದಕ್ಕೂ ಇದೇ ನೀಟ್ ಮಾರ್ಕ್ಸ್ ನಡೀತದ, ಅದನ್ನೂ ತುಂಬ್ಯಾಳ. ನಡುವ ಒಂದು ಛೊಲೋ ಸಂಬಂಧ ಹೋತು, ಅದರ ಸಂಕಟ ನನ್ನ ತಂಗಿಗೆ ಇಲ್ಲ ಅಂತಲ್ಲ. ನಾಕೂವರಿ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಮುಗಿಯೂದ್ರಾಗ 29 ಆಗ್ತದ ಅಂತ ಬೀಗರು ಲೆಕ್ಕಾ ಹೇಳಿದ್ರು. "ಓದಲಿಲ್ಲಂದ್ರೂ 29 ಆಗೂದ ಅಲ್ರೀ" ಅಂದ್ಲು ನನ್ನ ತಂಗಿ.

ನಿಮಗ ನಾ ಹೇಳೂದಿಷ್ಟ. ಮನಿ ಸಲುವಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಪ್ರತಿ ಓಣ್ಯಾಗೂ ಇದ್ದಾರ. ಆ ವರ್ಷ ಖಾಲಿ ಹೋದವು ಅಂತ ಅವರ ಮುಂದ ಅನಬ್ಯಾಡ್ರಿ. ಅವರ ಸಾಲಿ ಕಾಗದ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಟ್ರಂಕಿನ್ಯಾಗ ಇಡ್ರಿ, ಯಾವಾಗ ಬೇಕಾಗ್ತದೋ ಗೊತ್ತಿಲ್ಲ. ಯಾರರೆ "ನಿಯಮ ಇಲ್ಲ" ಅಂದ್ರ, ಯಾವ ವರ್ಷದ ನಿಯಮ ಅಂತ ಕೇಳ್ರಿ.