ಗೋಲಾ

ಮೊನ್ನೆ ಮೀಟಿಂಗ್ ಶುರುವಾಗೋಕೆ ಇನ್ನೂ ಐದು ನಿಮಿಷ ಇತ್ತು. ಜರ್ಮನಿಯ ಸಹೋದ್ಯೋಗಿಯೊಬ್ಬರು ತಮ್ಮ ಮಗಳು ಫ್ರಾನ್ಸಿನ ಯಾರದೋ ಮನೆಯಲ್ಲಿ ಹತ್ತು ದಿನ ಇದ್ದು ಬಂದ ಕತೆ ಹೇಳ್ತಿದ್ದರು. ಶಾಲೆಯೇ ಕಳಿಸೋದಂತೆ. ಆಮೇಲೆ ಆ ಮನೆ ಹುಡುಗಿ ಇವರ ಮನೆಗೆ ಬರ್ತಾಳಂತೆ. ಎಪ್ಪತ್ತೈದು ವರ್ಷದೊಳಗೆ ಮೂರು ಸಲ ಯುದ್ಧ ಮಾಡಿದ ದೇಶಗಳವು. 1963ರಲ್ಲಿ ಎಲಿಸೇ ಒಪ್ಪಂದಕ್ಕೆ ಸಹಿ ಹಾಕಿದಾಗ, ಎರಡೂ ದೇಶದ ಹುಡುಗರು ಓಡಾಡಲಿ ಅಂತಲೇ ಒಂದು ಕಚೇರಿ ತೆರೆದರು. 'ನಿಮ್ಮಲ್ಲಿ ಇಂಥದ್ದು ಇದೆಯಾ?' ಅಂತ ಕೇಳಿದರು. ಇದೆ ಅಂದೆ. ಅಷ್ಟರಲ್ಲಿ ಮ್ಯಾನೇಜರ್ ಸೇರಿಕೊಂಡರು, ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನ ಇಲ್ಲಿ ಹೇಳ್ತೀನಿ.

ನಾನು ತುರುವೇಕೆರೆ ಕಡೆಯ ಹಳ್ಳಿಯವನು. ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ನವೋದಯ ಸೇರಿದೆ. ನವೋದಯದಲ್ಲಿ ಓದಿದವರಿಗೆ 'ಮೈಗ್ರೇಷನ್' ಅಂದರೆ ಸಾಕು, ಎದೆ ಧಸಕ್ ಅನ್ನುತ್ತೆ. ಒಂಬತ್ತನೇ ಕ್ಲಾಸಿನ ಶೇ. 30ರಷ್ಟು ಮಕ್ಕಳನ್ನ ಒಂದು ವರ್ಷದ ಮಟ್ಟಿಗೆ ಹಿಂದಿ ನಾಡಿನ ನವೋದಯಕ್ಕೆ ಕಳಿಸ್ತಾರೆ. ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ ಬರ್ತಾರೆ. ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಅಮ್ಮ ದೇವರಿಗೆ ಕಾಯಿ ಒಡೆಸಿದಳು.

ನಮ್ಮವರು ಹೋದ ಮಂಚಗಳಿಗೆ ಉತ್ತರ ಪ್ರದೇಶದ ಹುಡುಗರು ಬಂದರು. ನನ್ನ ಪಕ್ಕದ ಮಂಚದವನಿಗೆ ಒಳ್ಳೆಯ ಹೆಸರೇ ಇತ್ತು, ನಾವು ಮಾತ್ರ 'ಯುಪಿ' ಅಂತಲೇ ಕರೀತಿದ್ವಿ. ಅತ್ತ ಹೋದ ನಮ್ಮ ಹುಡುಗರನ್ನ ಅವರು 'ಮದ್ರಾಸಿ' ಅಂತಿದ್ದರಂತೆ. ಲೆಕ್ಕ ಸರಿಹೋಯ್ತು.

ಮೊದಲ ವಾರವೇ ನಾನು ಅವನಿಗೆ ಕನ್ನಡ ಕಲಿಸಿದೆ. ದೊಡ್ಡವರನ್ನ ಕಂಡಾಗ ಕೈಮುಗಿದು ಹೀಗೆ ಹೇಳಬೇಕು ಅಂತ ಒಂದು ಪದ ಹೇಳಿಕೊಟ್ಟೆ. ಆ ಪದ ಇಲ್ಲಿ ಬರೆಯೋ ಹಾಗಿಲ್ಲ. ರೂಮಿನವರೆಲ್ಲ ದಿಂಬಿಗೆ ಮುಖ ಒತ್ತಿ ನಕ್ಕರು. ಅವನು ಪಾಪ, ದೇವನಾಗರಿಯಲ್ಲಿ ಬರಕೊಂಡು ಬಾಯಿಪಾಠ ಮಾಡಿದ.

ಆ ತಿಂಗಳ ಭಾನುವಾರ ಅಪ್ಪನ ಜೊತೆ ಅಜ್ಜಿ ಬಂದಳು. ಯುಪಿಯನ್ನ ನೋಡೋಕೆ ಯಾರು ಬರ್ತಾರೆ? ಒಬ್ಬನೇ ಕಟ್ಟೆ ಮೇಲೆ ಕೂತಿದ್ದ. ಅಜ್ಜಿಯೇ ಕೈಬೀಸಿ ಕರೆದಳು. ಬಂದವನೇ ಎರಡೂ ಕೈ ಮುಗಿದು, ತಲೆ ಬಗ್ಗಿಸಿ, ಅಷ್ಟು ಭಕ್ತಿಯಿಂದ ಆ ಪದ ಹೇಳಿಬಿಟ್ಟ.

ಅಪ್ಪ ಎದ್ದು ನಿಂತರು. ಅಜ್ಜಿ ಅವನನ್ನ ನೋಡಲಿಲ್ಲ, ನನ್ನ ನೋಡಿದಳು. 'ಹೆತ್ತೋರ್ ಬಿಟ್ಟು ಬಂದಿರೋ ಮಗಾ ಕಣ್ಲಾ ಅದು. ನಂಬಿ ಕಲ್ತೈತೆ' ಅಂದಳು. ಅಷ್ಟೇ. ಬೈದಿದ್ದರೆ ಮರೀತಿದ್ದೆ.

ಆಮೇಲೆ ಅವನನ್ನ ಪಕ್ಕ ಕೂರಿಸಿಕೊಂಡು ರೊಟ್ಟಿ, ಚಟ್ನಿಪುಡಿ ಕೊಟ್ಟಳು. ಗಂಟಿನಿಂದ ಒಂದು ಉಂಡೆ ಕೊಬ್ಬರಿ ತೆಗೆದಳು. ಅವನ ಕಣ್ಣು ಅರಳಿತು. 'ಗೋಲಾ!' ಅಂದ. ಅವರೂರಲ್ಲಿ ಹವನದ ಪೂರ್ಣಾಹುತಿಗೆ ಇದೇ ಬೇಕಂತೆ. ಅಂಗಡಿಯಲ್ಲಿ ಕಂಡಿದ್ದ, ಮರ ಮಾತ್ರ ಇಲ್ಲಿಗೆ ಬಂದ ಮೇಲೇ ನೋಡಿದ್ದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇದು ಎಲ್ಲರ ಮನೆ ಸಂಗತಿ. ಬಲಿತ ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಉಂಡೆಯಾಗೇ ತೆಗೆದು ತಿಪಟೂರು ಎಪಿಎಂಸಿಗೆ. ಅಲ್ಲಿಂದ ಲಾರಿಗಳು ಉತ್ತರಕ್ಕೆ. ಲಾರಿ ಎಲ್ಲಿಗೆ ಹೋಗುತ್ತೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅದು ಇಳಿಯೋ ಊರಿನ ಹುಡುಗ ನನ್ನ ಎದುರು ಕೂತಿದ್ದ.

ಮುಂದಿನ ತಿಂಗಳಿಂದ ಅವನ ಮೇಷ್ಟ್ರು ಅಜ್ಜಿಯೇ. 'ಇವನಿಗೆ ಕನ್ನಡ ಬರಲ್ಲಜ್ಜಿ' ಅಂದರೆ, 'ಒಂದ್ ವರ್ಸ ಇದ್ರೆ ತಾನೇ ಬಿಟ್ಕಂತದೆ ಬಿಡ್ಲಾ' ಅನ್ನೋಳು. ಬಿಟ್ಟುಕೊಂಡಿತು. ವರ್ಷದ ಕೊನೆಗೆ ಅವನು ಮುದ್ದೆ ಅಗಿಯದೆ ನುಂಗ್ತಿದ್ದ, 'ಯಾಕ್ಲಾ' ಅಂತಿದ್ದ. ಹೊರಡೋ ದಿನ ಅಜ್ಜಿ ಕೊಟ್ಟ ಕೊಬ್ಬರಿ ಟ್ರಂಕಿನ ತಳದಲ್ಲಿಟ್ಟುಕೊಂಡ. ನಾನು ಅವನ ಹತ್ತಿರ ಕ್ಷಮೆ ಕೇಳಲಿಲ್ಲ. ಆ ಪದದ ಅರ್ಥ ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು, ಅದು ನನಗೂ ಗೊತ್ತಿತ್ತು.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದರೆ, ಕಳೆದ ತಿಂಗಳು ಆಫೀಸ್ ಕ್ಯಾಂಟೀನಿನಲ್ಲಿ ಲಕ್ನೋ ಕಡೆಯ ಹುಡುಗನಿಗೆ ನಮ್ಮವರೊಬ್ಬರು 'ಥ್ಯಾಂಕ್ಸ್'ಗೆ ಕನ್ನಡ ಹೇಳಿಕೊಟ್ಟರು. ಪದ ಬೇರೆ, ಆಟ ಅದೇ. ಎಲ್ಲರ ಜೊತೆ ನಾನೂ ನಕ್ಕೆ. ಹೌದು, ನಕ್ಕೆ. ಅವನು ತಟ್ಟೆ ಹಿಡಿದು ಬಡಿಸೋ ಅಮ್ಮನ ಕಡೆ ಹೊರಟಾಗ ನಗು ನಿಂತಿತು. ಓಡಿಹೋಗಿ ಭುಜ ಹಿಡಿದು ನಿಲ್ಲಿಸಿದೆ. ಸರಿಯಾದ ಪದ ಹೇಳಿದೆ.

'ಬೆಂಗಳೂರಿಗೆ ಬಂದು ಮೂರು ವರ್ಷ ಆಯ್ತು. ಇಲ್ಲಿವರೆಗೆ ಯಾರೂ ಕಲಿಸಲಿಲ್ಲ' ಅಂದ.

'ನೀನೂ ಕೇಳಲಿಲ್ಲವಲ್ಲ' ಅಂದೆ.

ಇಬ್ಬರ ಮಾತೂ ನಿಜ. ಈ ಊರಿನ ಭಾಷಾ ಜಗಳದಲ್ಲಿ ನನಗೂ ಒಂದು ಪಕ್ಷ ಇದೆ. ಬಂದವರು ಕಲೀಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಹದಿನಾಲ್ಕರ ವಯಸ್ಸಿನ ಆ ಹುಡುಗನಿಗೆ ಹಾಸ್ಟೆಲಿತ್ತು, ಭಾನುವಾರ ಇತ್ತು, ರೊಟ್ಟಿ ಕಟ್ಟಿಕೊಂಡು ಬರೋ ಅಜ್ಜಿ ಇದ್ದಳು. ಇಪ್ಪತ್ತಾರರ ಇವನಿಗೆ ಪಿಜಿ ಇದೆ, ಆ್ಯಪ್ ಇದೆ.

ಅಜ್ಜಿ ಈಗಿಲ್ಲ. ಹಬ್ಬಕ್ಕೆ ಊರಿಗೆ ಹೊರಟಿದ್ದೀನಿ, ಅಟ್ಟದ ಕಾಯಿ ಇಳಿಸೋ ಕೆಲಸ ಇದೆ. ಕಾರಿನಲ್ಲಿ ಒಂದು ಸೀಟು ಖಾಲಿ ಇತ್ತು, ಬರ್ತೀಯಾ ಅಂತ ಅವನನ್ನ ಕೇಳಿದೆ. 'ಏನು ತರಲಿ?' ಅಂದ. ಏನೂ ಬೇಡ, ನಮ್ಮಮ್ಮನ ಹತ್ತಿರ 'ಊಟ ಚೆನ್ನಾಗಿತ್ತು' ಅನ್ನೋದನ್ನ ಕಲಿತುಕೊಂಡು ಬಾ ಅಂದೆ.

ಎರಡು ದಿನದಿಂದ ಅದನ್ನೇ ಅಭ್ಯಾಸ ಮಾಡ್ತಿದ್ದಾನೆ. ನಿಜವಾಗಿ ಅದೇ ಅರ್ಥವಾ ಅಂತ ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡನಂತೆ.