ಎಂಜಿನ್ನಿನ ಎರಡು ಬಗೆಯ ಉಸಿರು

ಕಾಲೇಜು ಸೇರಿದ ಮಗನಿಗೆ ಬೈಕ್ ಕೊಡಿಸುವ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾಗುವುದುಂಟು. ಅಪ್ಪನ ಪ್ರಶ್ನೆ, 'ಲೀಟರಿಗೆ ಎಷ್ಟು ಕೊಡುತ್ತೆ?' ಮಗನ ಪ್ರಶ್ನೆ, 'ಎಷ್ಟು ಸ್ಪೀಡ್ ಹೋಗುತ್ತೆ?' ತಮಾಷೆಯೆಂದರೆ, ಈ ಜಗಳ ಎಂಜಿನ್ನಿನ ಒಳಗೂ ಉಂಟು. ಅಲ್ಲಿ ಅದು ನಡೆಯುವುದು ವಾಲ್ವಿನ ಬಾಗಿಲಲ್ಲಿ.

ನಾಲ್ಕು ಸ್ಟ್ರೋಕಿನ ಎಂಜಿನ್ ಉಸಿರಾಡುವುದು ವಾಲ್ವುಗಳ ಮೂಲಕ. ಗಾಳಿ, ಪೆಟ್ರೋಲು ಒಳಬರಲು ಒಂದು, ಹೊಗೆ ಹೊರಹೋಗಲು ಇನ್ನೊಂದು. ಇವನ್ನು ತೆರೆಯುವುದು ಕ್ಯಾಮ್ ಎಂಬ ಮೊಟ್ಟೆಯಾಕಾರದ ಉಬ್ಬು, ಮುಚ್ಚುವುದು ಸ್ಪ್ರಿಂಗ್. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ವಾಲ್ವ್ ಒಮ್ಮೆ ತೆರೆಯುತ್ತದೆ. ನಿಮಿಷಕ್ಕೆ 1,500 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 12 ಬಾರಿ, 7,400 ಸುತ್ತಿನಲ್ಲಿ ಸುಮಾರು 62 ಬಾರಿ!

ಪಿಸ್ಟನ್ ಕೆಳಗಿಳಿಯುತ್ತ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದು ತಳ ಮುಟ್ಟಿ ಮೇಲಕ್ಕೆ ಹೊರಟೊಡನೆ ವಾಲ್ವ್ ಮುಚ್ಚಬೇಕು ಎಂದು ತೋರುವುದು ಸಹಜ. ಆದರೆ ಗಾಳಿಗೂ ತೂಕವಿದೆ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವಂತೆ, ರಭಸದಿಂದ ನುಗ್ಗುತ್ತಿರುವ ಗಾಳಿ ಪಿಸ್ಟನ್ ಮೇಲೇರತೊಡಗಿದ ಮೇಲೂ ಒಳಬರುತ್ತಲೇ ಇರುತ್ತದೆ. ಹಾಗಾಗಿ ಹೆಚ್ಚು ಸುತ್ತಿನಲ್ಲಿ ವಾಲ್ವ್ ಕೊಂಚ ತಡವಾಗಿ ಮುಚ್ಚಿದರೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಕಡಿಮೆ ಸುತ್ತಿನಲ್ಲಿ ಆ ರಭಸವಿಲ್ಲ. ತಡಮಾಡಿದರೆ ಒಳಬಂದ ಗಾಳಿಯನ್ನು ಪಿಸ್ಟನ್ನೇ ವಾಪಸು ತಳ್ಳಿಬಿಡುತ್ತದೆ, ಎಂಜಿನ್ ಸೊರಗುತ್ತದೆ. ಕ್ಯಾಮಿನ ಆಕಾರವೋ ಕಾರ್ಖಾನೆಯಲ್ಲೇ ನಿಶ್ಚಯವಾದದ್ದು. ಒಂದು ವೇಗಕ್ಕೆ ಹೊಂದಿಸಿದರೆ ಇನ್ನೊಂದಕ್ಕೆ ಅನ್ಯಾಯ. ಬಹುಕಾಲ ತಯಾರಕರು ಎರಡಕ್ಕೂ ಅರ್ಧರ್ಧ ನ್ಯಾಯ ಕೊಟ್ಟು ಸುಮ್ಮನಾಗಿದ್ದರು.

ಜಪಾನಿನ ಹೋಂಡಾ 1983ರಲ್ಲಿ ತನ್ನ ಸಿಬಿಆರ್ 400ಎಫ್ ಬೈಕಿನಲ್ಲಿ ಬೇರೊಂದು ದಾರಿ ಹಿಡಿಯಿತು. ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದರೂ ಕಡಿಮೆ ಸುತ್ತಿನಲ್ಲಿ ಕೆಲಸ ಮಾಡುವುದು ಎರಡೇ. ವೇಗ ಏರಿದಾಗ ನಾಲ್ಕೂ. ನಮ್ಮ ಊರುಗಳ ರಸ್ತೆಗೆ ಈ ವಿದ್ಯೆ ಬಂದದ್ದು ಇನ್ನೊಂದು ರೂಪದಲ್ಲಿ. 2018ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್15ರ ಮೂರನೆಯ ಆವೃತ್ತಿಯ 155 ಸಿಸಿ ಎಂಜಿನ್ನಿನಲ್ಲಿ ಗಾಳಿ ಒಳಬರುವ ಕಡೆ ಎರಡು ಕ್ಯಾಮ್‌ಗಳಿವೆ, ನಿಧಾನಕ್ಕೊಂದು, ವೇಗಕ್ಕೊಂದು. ಸುತ್ತು 7,400 ಮುಟ್ಟಿದಾಗ ವಿದ್ಯುತ್ತಿನಿಂದ ನಡೆಯುವ ಒಂದು ಪುಟ್ಟ ಪಿನ್ ಸರಿದು, ಅದುವರೆಗೆ ಸುಮ್ಮನೆ ಅಲ್ಲಾಡುತ್ತಿದ್ದ ಎರಡನೆಯ ತೋಳನ್ನು ಮೊದಲನೆಯದಕ್ಕೆ ಜೋಡಿಸುತ್ತದೆ. ಅಲ್ಲಿಂದಾಚೆ ದೊಡ್ಡ ಕ್ಯಾಮಿನದೇ ಅಧಿಕಾರ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೂ ರುಚಿಸುವುದು ಸುಜುಕಿ 2017ರ ಜಿಎಸ್‌ಎಕ್ಸ್-ಆರ್1000ದಲ್ಲಿ ಮಾಡಿದ ಉಪಾಯ. ಅಲ್ಲಿ ವಿದ್ಯುತ್ತೂ ಬೇಡ, ಎಣ್ಣೆಯ ಒತ್ತಡವೂ ಬೇಡ. ಕ್ಯಾಮ್‌ಶಾಫ್ಟಿನ ಹಲ್ಲುಚಕ್ರದ ಬಳಿ ಓರೆಯಾದ ಜಾಡುಗಳಲ್ಲಿ ಉಕ್ಕಿನ ಗುಂಡುಗಳಿವೆ. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಸರಿಯುತ್ತವೆ. ಜಾಡು ಓರೆಯಾಗಿರುವುದರಿಂದ ಅವು ಸರಿದಾಗ ಕ್ಯಾಮ್‌ಶಾಫ್ಟ್ ತುಸು ಹಿಂದಕ್ಕೆ ತಿರುಗಿ, ವಾಲ್ವಿನ ವೇಳೆ ತಡವಾಗುತ್ತದೆ. ಪಠ್ಯಪುಸ್ತಕದಲ್ಲಿ ಅಂಕಕ್ಕಾಗಿ ಓದಿದ ಕೇಂದ್ರಾಪಗಾಮಿ ಬಲ ಇಲ್ಲಿ ಕೂಲಿ ಕೆಲಸ ಮಾಡುತ್ತಿದೆ.

ಹಾಗೆಂದು ಇದು ಪವಾಡವಲ್ಲ. ಬಿಡಿಭಾಗ ಹೆಚ್ಚಿದರೆ ಬೆಲೆಯೂ ಹೆಚ್ಚು, ರಿಪೇರಿಯ ತಾಪತ್ರಯವೂ ಹೆಚ್ಚು. ಸಣ್ಣ ಕ್ಯಾಮ್ ಪೆಟ್ರೋಲು ಉಳಿಸುವುದು ಬೈಕು ಆ ಮಿತಿಯೊಳಗೆ ಓಡಿದಾಗ ಮಾತ್ರ. ಸದಾ ದೊಡ್ಡ ಕ್ಯಾಮಿನ ಮೇಲೆ ಓಡಿಸುವವರಿಗೆ ಯಾವ ತಂತ್ರವೂ ಮೈಲೇಜ್ ತಂದುಕೊಡದು. ಎಂಜಿನ್ನಿನ ಸದ್ದು ಬದಲಾಗುವ ಆ ಗಳಿಗೆಯ ಮೋಹವೂ ಸಣ್ಣದಲ್ಲ. ಸುತ್ತುಗಳನ್ನು ಎಣಿಸುವುದು ಎಂಜಿನ್ನಿಗೆ ಗೊತ್ತು. ಮುಂದೆ ಗುಂಡಿಯಿದೆಯೇ, ಶಾಲೆ ಬಿಟ್ಟು ಮಕ್ಕಳು ರಸ್ತೆ ದಾಟುತ್ತಿದ್ದಾರೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಲೆಕ್ಕವನ್ನು ಈಗಲೂ ಆಕ್ಸಲರೇಟರ್ ಹಿಡಿದ ಕೈಯೇ ಇಡಬೇಕು.